ಏರಿಗೊಂದು ತೂಕ, ಇಳಿಜಾರಿಗೊಂದು

"ಅಕ್ಕಾ, ಬೇಜಾರು ಮಾಡ್ಕೋಬೇಡ. ನೀನು ಇಲ್ಲೇ ಇಳೀಬೇಕು," ಅಂದರು ಗುಬ್ಬಿಯ ಚಿಕ್ಕಪ್ಪ, ಸ್ಟೀರಿಂಗಿನ ಹಿಂದಿನ ಪರದೆಯಿಂದ ಕಣ್ಣು ಕೀಳದೆ. ಬ್ಯಾಟರಿಯಲ್ಲಿ ಉಳಿದಿದ್ದದ್ದು ಐದು ಪರ್ಸೆಂಟ್. ಗುಡ್ಡದ ತುದಿಗೆ ಇನ್ನೂ ಎರಡು ತಿರುವು ಬಾಕಿ.

"ಯಾಕೋ? ನಿನ್ನ ಕರೆಂಟಿನ ಕಾರಿಗೆ ನನ್ನ ಕಂಡ್ರೆ ಭಯಾನಾ?" ಹಿಂದಿನ ಸೀಟಿನ ಮುಕ್ಕಾಲು ಭಾಗದಿಂದ ಅತ್ತೆಯ ದನಿ ಬಂತು.

"ತೂಕ ಕಣೇ. ಏರಲ್ಲಿ ಒಂದೊಂದು ಕೇಜಿಯೂ ಚಾರ್ಜ್ ಕುಡಿಯುತ್ತೆ."

"ಹಾಗಾದ್ರೆ ಗುಬ್ಬೀನ ಇಳಿಸು."

"ಅವಳನ್ನ ಇಳಿಸಿದ್ರೆ ಎಷ್ಟು ಉಳಿಯುತ್ತೆ, ನೀನೇ ಹೇಳು? ಇಂಟರ್‌ವ್ಯೂ ಇರೋದು ಬೇರೆ ಅವಳಿಗೇ."

ಮುಂದಿನ ಸೀಟಿನಲ್ಲಿದ್ದ ಗುಬ್ಬಿ ಫೈಲನ್ನು ಎದೆಗೊತ್ತಿಕೊಂಡು ಇನ್ನಷ್ಟು ಮುದುಡಿದಳು. ಅವಳ ದನಿ ಪಕ್ಕದವರಿಗೂ ಕೇಳಿಸುವುದಿಲ್ಲ ಅಂತ ಮನೆಯವರು ಇಟ್ಟ ಹೆಸರು ಅದು. ಗುಡ್ಡದಾಚೆಯ ಊರಿನ ಗ್ರಂಥಾಲಯದಲ್ಲಿ ಹನ್ನೊಂದಕ್ಕೆ ಅವಳ ಮೊದಲ ಇಂಟರ್‌ವ್ಯೂ. ಈಗಾಗಲೇ ಹತ್ತೂ ಇಪ್ಪತ್ತು. ಏಸಿ ಬಂದ್, ಹಾಡು ಬಂದ್. ಕಿಟಕಿ ತೆಗೆದರೆ ಗಾಳಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ ಅಂತ ಅದನ್ನೂ ಮುಚ್ಚಿಸಿದ್ದರಿಂದ ಮೂವರೂ ಹಬೆಯಲ್ಲಿ ಬೆಂದಂತಾಗಿದ್ದರು.

"ಮೂವತ್ತು ವರ್ಷದಿಂದ ಅಳತೆ ಟೇಪು ಹಿಡಿದಿದ್ದೀನಿ. ಹೊಲಿಗೆ ಅಂಗಡಿಗೆ ಬಂದ ಒಬ್ಬರಿಗೂ ದಪ್ಪ ಇದ್ದೀರಿ ಅಂದವಳಲ್ಲ. ನೀನು ಒಡಹುಟ್ಟಿದವನಾಗಿ ನಡುರಸ್ತೇಲಿ ಅಂದ್ಬಿಟ್ಟೆಯಲ್ಲೋ!" ಅತ್ತೆ ಇಳಿದು, ಕೊಡೆ ಬಿಚ್ಚಿ, ಬಾಗಿಲನ್ನು ಎರಡು ಸಲ ಹಾಕಿದರು. ಒಂದು ಮುಚ್ಚಲಿಕ್ಕೆ, ಇನ್ನೊಂದು ಸಿಟ್ಟಿಗೆ.

ಕಾರು ತುದಿ ಮುಟ್ಟಿದಾಗ ನಾಲ್ಕು ಪರ್ಸೆಂಟ್. ಚಿಕ್ಕಪ್ಪ ಬದಿಗೆ ನಿಲ್ಲಿಸಿ, ಕಿಟಕಿ ಇಳಿಸಿ, ಜ್ವರ ಬಂದವರ ಹಣೆ ಮುಟ್ಟುವ ಹಾಗೆ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟರು. "ಮೂರೇ ವರ್ಷ, ಗುಬ್ಬಿ. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೆ. ಬೆಳಿಗ್ಗೆ ನೋಡಿದ್ರೆ ಮೂವತ್ತರಿಂದ ಮೇಲೆದ್ದೇ ಇಲ್ಲ. ಬ್ಯಾಟರಿ ಮುಗೀತು. ಊರೆಲ್ಲ ಬೇಡ ಬೇಡ ಅಂದಾಗ ನಾನು ಕೇಳಲಿಲ್ಲ. ಯಾರದೇ ಗಡಿಯಾರ ನಿಂತ್ರೂ ಬಿಚ್ಚಿ ನೋಡಿ ಕಾಯಿಲೆ ಹೇಳೋನು ನಾನು. ಇದನ್ನ ಬಿಚ್ಚೋಕೂ ಆಗಲ್ಲ. ನಾಳೆಯೇ ಮಾರಿಬಿಡ್ತೀನಿ."

ಗುಬ್ಬಿ ಬೆಳಗಿನಿಂದ ಒಂದು ಮಾತನ್ನು ಹೇಳದೆ ಇಟ್ಟುಕೊಂಡಿದ್ದಳು. ಅತ್ತೆ ಹೊಲಿದುಕೊಟ್ಟ ಹೊಸ ಬಟ್ಟೆಗೆ ನಿನ್ನೆ ಸಂಜೆ ಇಸ್ತ್ರಿ ಮಾಡಬೇಕಾಗಿತ್ತು. ಕಿಟಕಿಯಿಂದ ಕಾರಿಗೆ ಹೋಗಿದ್ದ ವೈರನ್ನು ಹಜಾರದ ದೊಡ್ಡ ಪ್ಲಗ್ಗಿನಿಂದ ಕಿತ್ತು, ಇಸ್ತ್ರಿಪೆಟ್ಟಿಗೆಯದನ್ನು ಚುಚ್ಚಿದ್ದಳು. ಆಮೇಲೆ ವೈರನ್ನೇನೋ ನೆನಪಿನಿಂದ ಮರಳಿ ಚುಚ್ಚಿದಳು, ಸ್ವಿಚ್ಚು ಹಾಕುವುದನ್ನು ಮರೆತಳು. ದಾರಿಯುದ್ದಕ್ಕೂ ಒಪ್ಪಿಕೊಳ್ಳುವ ಮಾತನ್ನೂ 'ನಿಮ್ಮ ಬಗ್ಗೆ ಹೇಳಿ' ಅನ್ನುವುದಕ್ಕೆ ಉತ್ತರವನ್ನೂ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಎರಡೂ ಹಲ್ಲಿನ ಹಿಂದೆಯೇ ನಿಂತಿದ್ದವು. ಕನ್ನಡಿಯಲ್ಲಿ ನೋಡಿದರೆ, ಕೆಳಗಿನ ತಿರುವಿನಲ್ಲಿ ಅತ್ತೆಯ ಕೊಡೆ ನಿಂತು ನಿಂತು ಮೇಲೆ ಬರುತ್ತಿತ್ತು.

"ಚಿಕ್ಕಪ್ಪ, ಅದು..."

"ಏನು? ಜೋರಾಗಿ ಹೇಳಮ್ಮ."

"ಸ್ವಿಚ್ ಆಫ್ ಆಗಿತ್ತು! ಇಸ್ತ್ರಿಗೆ ಅಂತ ನಾನೇ ಕಿತ್ತಿದ್ದು! ಆಮೇಲೆ ಹಾಕಲೇ ಇಲ್ಲ!"

ಬೇಲಿಯ ಮೇಲಿನ ಕಾಗೆ ಹಾರಿಹೋಯಿತು. ಇದು ತನ್ನದೇ ದನಿಯೇ ಅಂತ ಗುಬ್ಬಿಯೇ ಬೆಚ್ಚಿದಳು. ಇನ್ನೇನು ಬೈಗುಳ ಬೀಳುತ್ತದೆ ಅಂತ ಕಣ್ಣು ಮುಚ್ಚಿ ಕೂತಳು.

"ಅಂದ್ರೆ... ಬ್ಯಾಟರಿ ಚೆನ್ನಾಗೇ ಇದೆ?"

"ಹೂಂ."

"ಅಯ್ಯೋ ನನ್ನ ಬಂಗಾರ! ಸುಮ್‌ಸುಮ್ನೆ ನಿನ್ನ ಬೈದ್ಬಿಟ್ನಲ್ಲಾ!" ಚಿಕ್ಕಪ್ಪ ಸ್ಟೀರಿಂಗನ್ನು ತಬ್ಬಿಕೊಂಡರು. ಎದೆ ತಗುಲಿ ಹಾರನ್ ಉದ್ದಕ್ಕೆ ಕೂಗಿಕೊಂಡಿತು.

"ಬಂದೆ, ಬಂದೆ! ನಡೆಸಿದ್ದಲ್ಲದೆ ಹಾರನ್ ಬೇರೆ ಹೊಡೀತಾನೆ," ಏದುಸಿರು ಬಿಡುತ್ತಾ ಅತ್ತೆ ಬಂದು ನಿಂತರು. ಚಿಕ್ಕಪ್ಪ ಇಳಿದು ಓಡಿ, ಗುಬ್ಬಿಯನ್ನು ಹಿಂದಕ್ಕೆ ಕಳಿಸಿ, ಮುಂದಿನ ಬಾಗಿಲನ್ನು ತಾವೇ ಹಿಡಿದು ನಿಂತರು.

"ಕೂತ್ಕೋ ಅಕ್ಕ. ಇನ್ನು ಊರವರೆಗೂ ಇಳಿಜಾರು. ಬ್ರೇಕ್ ಒತ್ತಿದಾಗೆಲ್ಲ ಚಾರ್ಜ್ ವಾಪಸ್ ತುಂಬುತ್ತೆ. ಕಾರು ಭಾರ ಇದ್ದಷ್ಟೂ ಒಳ್ಳೇದು."

ಅತ್ತೆ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಏರಲ್ಲಿ ನಾನು ದಂಡ, ಇಳಿಜಾರಲ್ಲಿ ನಾನೇ ಬೇಕು. ಅಲ್ವೇನೋ?"

"ಹೆಚ್ಚುಕಡಿಮೆ ಹಾಗೇ."

ಅತ್ತೆ ಸುತ್ತ ನೋಡಿದರು. ರಸ್ತೆಬದಿಯಲ್ಲಿ ಕುಂಬಳಕಾಯಿ ಗಾತ್ರದ ಒಂದು ಕಲ್ಲಿತ್ತು. ಅದನ್ನು ಎತ್ತಿ ತಂದು, ಮಗುವನ್ನು ಕೂರಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಕೂತರು. "ಬೇಕು ಅಂದ್ಮೇಲೆ ಸರಿಯಾಗೇ ಬೇಕಾಗೋಣ. ನಡಿ."

ನಾಲ್ಕು ಐದಾಯಿತು. "ಅದು ನಂದು," ಅಂದರು ಅತ್ತೆ. ಕೊನೆಯ ತಿರುವಿನಲ್ಲಿ ಐದು ಆರಾಯಿತು. "ಇದು ಕಲ್ಲಿಂದು." ಹಿಂದಿನ ಸೀಟಿನಲ್ಲಿ ಗುಬ್ಬಿ ಫೈಲನ್ನು ಪಕ್ಕಕ್ಕಿಟ್ಟು ನಗುತ್ತಿದ್ದಳು.

ಗ್ರಂಥಾಲಯದ ಮೆಟ್ಟಿಲ ಮುಂದೆ ಇಳಿದಾಗ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. "ಗುಬ್ಬೀ, 'ಸ್ವಿಚ್ ಆಫ್ ಆಗಿತ್ತು' ಅಂದ್ಯಲ್ಲ, ಒಳಗೂ ಅದೇ ದನೀಲಿ ಮಾತಾಡು. ಕೆಳಗಿನ ತಿರುವಿಗೇ ಕೇಳಿಸ್ತು."

ಗುಬ್ಬಿ ಮೆಟ್ಟಿಲು ಹತ್ತುವಾಗ ಬೆನ್ನ ಹಿಂದೆ ಚಿಕ್ಕಪ್ಪನ ಮಾತು ಕೇಳಿತು: "ಊರು ಬಂತಲ್ಲಕ್ಕ, ಇನ್ನಾದ್ರೂ ಆ ಕಲ್ಲು ಕೆಳಗೆ ಹಾಕು."

"ಇರಲಿ ಬಿಡೋ. ವಾಪಸ್ ಹೋಗ್ತಾ ಅದೇ ಏರು ತಾನೇ? ನನಗಿಂತ ಮೊದಲು ಇಳಿಸೋಕೆ ಯಾರಾದ್ರೂ ಬೇಕಲ್ಲ."