ಸ್ಟ್ರೇಂಜ್ ಕ್ವಾರ್ಕಿನ ಪಾಲು

"ಈ ಲೆಕ್ಕಾ ಯಾರ್ ಮಾಡ್ಯಾರ್ರಿ ಮೇಡಮ್?" ಎಂದು ಹುಡುಗಿಯೊಬ್ಬಳು ಕೇಳಿದಾಗ, ಮಯೂರಿಯ ಬಾಯಿಂದ "ನಾನ" ಎಂಬ ಮಾತು ಜಾರಿಬಿಟ್ಟಿತು. ಪ್ರೋಟಾನಿನಲ್ಲಿ ಎರಡು ಅಪ್, ಒಂದು ಡೌನ್ ಕ್ವಾರ್ಕ್ ಎಂಬ ಕಿರುಕಣಗಳು ಅಷ್ಟೇ ಅಲ್ಲ, ಅಲ್ಲೇ ಹುಟ್ಟಿ ಅಲ್ಲೇ ಅಳಿಯುವ ಸ್ಟ್ರೇಂಜ್ ಕ್ವಾರ್ಕುಗಳೂ ಅದರ ಕಾಂತಗುಣಕ್ಕೆ ಚೂರು ಪಾಲು ಸೇರಿಸುತ್ತವೆ ಎಂದು ಅವಳು ಕಾಗವಾಡದ ಕಾಲೇಜಿನಲ್ಲಿ ಉಪನ್ಯಾಸ ಕೊಡುತ್ತಿದ್ದಳು. ಆ ಚೂರನ್ನು ಲೆಕ್ಕ ಹಾಕಿದವಳು ಪಿಎಚ್.ಡಿ. ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದ್ದ ಗೆಳತಿ ಉಜ್ವಲಾ. ಅವಳು ಇದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆಂದು ಮಯೂರಿಗೆ ತಿಳಿದಿರಲಿಲ್ಲ. ಈಗ ನೋಡಿದರೆ ಎದುರಿನ ಸಾಲಿನಲ್ಲೇ ಕುಳಿತಿದ್ದಾಳೆ.

"ಅಷ್ಟ ಸಣ್ಣದು ಖರೇನ ಐತಿ, ಲೆಕ್ಕದ ತಪ್ಪಲ್ಲ ಅಂತ ಹೆಂಗ ತಿಳೀತ್ರಿ?" ಹುಡುಗಿ ಬಿಡಲಿಲ್ಲ.

ಮಯೂರಿ ವೇದಿಕೆ ಇಳಿದು ಉಜ್ವಲಾಳ ಮುಂದೆ ಮೈಕ್ ಹಿಡಿದಳು. "ನಾ ಸುಳ್ಳ ಹೇಳಿದ್ನಿ. ಲೆಕ್ಕಾ ಈಕೀದು. ಉಜ್ವಲಾ, ನೀನ ಹೇಳ ಬೇ."

ಉಜ್ವಲಾ ಎದ್ದು ನಿಂತಳು. "ಬ್ಯಾರೆ ಬ್ಯಾರೆ ರೀತಿಯಿಂದ ಮಾಡಿ ನೋಡಿದ್ನಿ, ಪ್ರತಿ ಸಲಾನೂ ಅದ ಉತ್ತರ ಬಂತು" ಎಂದು ಹುಡುಗಿಗೆ ಸಮಾಧಾನದಿಂದ ತಿಳಿಸಿ ಹೇಳಿದಳು. ಆಮೇಲೆ, ಹಾಸ್ಟೆಲ್ಲಿನಲ್ಲಿ "ಲೇ ಮಯೂ" ಎಂದೇ ಕೂಗುತ್ತಿದ್ದ ಅವಳು, ಮುಖ ನೋಡದೆ ಮೈಕ್ ಮರಳಿ ಚಾಚಿದಳು.

"ತಗೋರಿ ಮೇಡಮ್, ಮುಂದಿಂದು ಹೇಳ್ರಿ."