ಸತ್ತಂತೆ ನಟಿಸಬೇಕಾದ ಕೋಳಿ

“ಯಾರು ಬಂದು ಕೇಳಿದ್ರೂ ನನ್ನ ಚುಕ್ಕೀನ ಕೊಡಲ್ಲ,” ಎಂದು ಅಜ್ಜಿ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲಿಗೆ ಅಡ್ಡ ನಿಂತಳು. ಎದುರಿಗಿದ್ದ ಆಕೃತಿಗೆ ನೆತ್ತಿಯಿಂದ ಮೊಣಕಾಲಿನವರೆಗೆ ಹಳದಿ ರೇನ್‌ಕೋಟು, ಕಣ್ಣಿಗೆ ಈಜುವವರ ಕನ್ನಡಕ, ಮೂಗು ಬಾಯಿಗೆ ಮುಖಗವಸು, ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು.

ಹಕ್ಕಿಜ್ವರ ಪಕ್ಕದ ದೇಶದವರೆಗೆ ಬಂದಿತ್ತು. ಅದು ಗಡಿ ದಾಟಿದರೆ ಏನು ಮಾಡಬೇಕೆಂದು ಊರೂರಲ್ಲಿ ಅಣಕು ಕಾರ್ಯಾಚರಣೆ ನಡೆಸಲು ಸರ್ಕಾರ ಹೇಳಿತ್ತು. ಬಡ ದೇಶ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ನಿಜವಾದ ರಕ್ಷಣಾ ಉಡುಪು ಬೇಕಾದರೆ ಊರು ಈ ಪರೀಕ್ಷೆಯಲ್ಲಿ ಪಾಸಾಗಬೇಕು. ಅಲ್ಲಿಯವರೆಗೆ ರೇನ್‌ಕೋಟೇ ಗತಿ. ಸತ್ತಂತೆ ನಟಿಸಲು ಒಂದು ಕೋಳಿಯನ್ನೂ ಇಲಾಖೆ ಕೊಟ್ಟಿರಲಿಲ್ಲ. ಹಾಗಾಗಿ ಚುಕ್ಕಿಯನ್ನು ಊರಿನ ಪಶುವೈದ್ಯೆ ಹಿಂದಿನ ದಿನ ಅಜ್ಜಿಯ ಹತ್ತಿರ ಕೇಳಿ, ಒಪ್ಪಿಸಿ, ಚಹಾ ಕುಡಿದು ಹೋಗಿದ್ದಳು.

“ಅಜ್ಜಿ, ನಾನೇ,” ಎಂದಿತು ರೇನ್‌ಕೋಟು.

“ನಾನೇ ಅಂದ್ರೆ ಯಾರು? ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿದೆ. ನಮ್ಮ ಡಾಕ್ಟರಮ್ಮ ಬರ್ತೀನಿ ಅಂದಿದ್ದಾಳೆ. ಅವಳಿಗಾದ್ರೆ ಕೊಡ್ತೀನಿ.”

“ಡಾಕ್ಟರಮ್ಮನೇ ಅಜ್ಜಿ. ನಿನ್ನೆ ಚಹಾ ಕೊಟ್ಯಲ್ಲ, ನೀನು ಅದಕ್ಕೆ ಸಕ್ಕರೆ ಹಾಕೋದೇ ಮರ್ತಿದ್ದೆ.”

“ಅದು ಊರಿಗೆಲ್ಲ ಗೊತ್ತಿರೋ ವಿಷಯ.”

ರಾಜಧಾನಿಯಿಂದ ಬಂದಿದ್ದ ಅಧಿಕಾರಿ ಬೇಲಿಯಾಚೆ ನಿಂತು ನೋಡುತ್ತಿದ್ದರು. ಪಶುವೈದ್ಯೆಗೆ ರೇನ್‌ಕೋಟಿನೊಳಗೆ ಬೆವರು ಕಿತ್ತುಕೊಂಡು ಬಂತು. ಕಡೆಗೆ ಬೇರೆ ದಾರಿ ಕಾಣದೆ ಕನ್ನಡಕ ಮೇಲೇರಿಸಿ, ಮುಖಗವಸನ್ನು ಕೆಳಗೆಳೆದಳು.

“ನೀನೇನಾ ತಾಯಿ? ತಗೋ, ನಿನ್ನದೇ ಕೋಳಿ ಅಂದ್ಕೋ,” ಎಂದಳು ಅಜ್ಜಿ.

“ಎಲ್ಲಾ ಕೆಟ್ಟುಹೋಯ್ತು,” ಎಂದರು ಅಧಿಕಾರಿ. “ರೋಗ ಇರೋ ಅಂಗಳದಲ್ಲಿ ಮುಖ ಬಿಚ್ಚಿದ್ರಿ, ಜ್ವರ ಅಂಟಿತು. ನಮ್ಮ ಲೆಕ್ಕದಲ್ಲಿ ನೀವು ಸತ್ತಿರಿ ಡಾಕ್ಟ್ರೇ.”

“ಬಿಡ್ತು ಅನ್ನಿ,” ಅಜ್ಜಿ ಗದರಿದಳು. “ಬಾಳಿ ಬದುಕಬೇಕಾದ ಹುಡುಗಿಗೆ ಆಡೋ ಮಾತಾ ಇದು?”

“ಬಿಡ್ತು, ಬಿಡ್ತು,” ಅಧಿಕಾರಿ ತಡವರಿಸಿದರು. “ಇವತ್ತು ಬರೀ ಪರೀಕ್ಷೆ ಅಜ್ಜಿ. ಆದ್ರೆ ರೋಗ ಬಂದ ದಿನ ಹೀಗೇ ಮುಖ ತೆಗೆದ್ರೆ, ನಿಜವಾಗ್ಲೂ ಹಾಗೇ ಆಗಬಹುದು.”

ತನ್ನ ಹಟಕ್ಕೆ ಈ ಹುಡುಗಿಯ ಜೀವಕ್ಕೇ ಕುತ್ತು ಬರಬಹುದೆಂದು ಅಜ್ಜಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಕೈಚಾಚಿ ಪಶುವೈದ್ಯೆಯ ಮುಖಗವಸನ್ನು ತಾನೇ ಮೇಲೆಳೆದು, ಶಾಲೆಗೆ ಹೊರಟ ಮಗುವಿನ ಕಾಲರ್ ಸರಿಮಾಡುವಂತೆ ಸರಿಮಾಡಿದಳು. “ಮೊದಲಿಂದ ಮಾಡೋಣ ಸ್ವಾಮಿ. ಈ ಸಲ ನಂದೇನೂ ತಕರಾರಿಲ್ಲ.”

ಎರಡನೇ ಸಲ ರೇನ್‌ಕೋಟು ಕೇಳಿತು, ಅಜ್ಜಿ ಮರುಮಾತಿಲ್ಲದೆ ಕೊಟ್ಟಳು. ಗೋಣಿಚೀಲದ ಬಾಯಿ ಕಟ್ಟಿದ ಮೇಲೆ ಸತ್ತ ಕೋಳಿ ಒಳಗಿನಿಂದ ಎಲ್ಲರನ್ನೂ ವಾಚಾಮಗೋಚರ ಬೈಯತೊಡಗಿತು. ಅಧಿಕಾರಿ ನಗು ನುಂಗಿಕೊಂಡರು. “ಉಡುಪು ಕಳಿಸ್ತೀನಿ,” ಎಂದು ಹೇಳಿ ಜೀಪು ಹತ್ತಿದರು.

ಪಶುವೈದ್ಯೆ ಚೀಲ ಬಿಚ್ಚಿ ಚುಕ್ಕಿಯನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಪಾಸಾದದ್ದಕ್ಕೆ ಖುಷಿಯೇನೋ ಇತ್ತು. ಆದರೂ ಕೇಳದೆ ಇರಲು ಆಗಲಿಲ್ಲ.

“ನಿಜವಾಗಿ ರೋಗ ಬಂದ ದಿನವೂ ಹೀಗೇ ಕೊಡ್ತೀಯಾ ಅಜ್ಜಿ? ಅವತ್ತು ನಾನು ವಾಪಸ್ ತಂದುಕೊಡೋಕೆ ಆಗಲ್ಲ.”

ಅಜ್ಜಿ ಕೋಳಿಯ ಕೆದರಿದ ಗರಿಗಳನ್ನು ಒಂದೊಂದಾಗಿ ನೇವರಿಸಿದಳು.

“ಕೊಡ್ತೀನಿ. ಆದ್ರೆ ಅವತ್ತು ನಾನು ಎಷ್ಟೇ ಕೇಳಿದ್ರೂ ಮುಖ ಮಾತ್ರ ತೋರಿಸಬೇಡ ಮಗಳೇ. ನಿನ್ನ ಮುಖ ನೋಡಿದ್ರೆ, ವಾಪಸ್ ತಂದುಕೊಡ್ತೀಯ ಅಂತ ಕಾಯ್ಕೊಂಡು ಕೂತಿರ್ತೀನಿ.”