ಮಾಲೆ ತೆಗೆಯುವ ಮುನ್ನ

ನಯನಾ ಎರಡೂ ಕೈ ಮುಂದೆ ಚಾಚಿ ಗಾಳಿಯನ್ನು ತಡವಿದಳು. ಬೆರಳಿಗೆ ತಣ್ಣಗೆ ಏನೋ ತಗುಲಿತು.

"ಮೇಡಂ, ಅದು ಶೋಕೇಸು. ಒರಗ್ಬೇಡಿ," ಎಂದ ಮೊಬೈಲ್ ಅಂಗಡಿಯ ಫರ್ದೀನ್.

ಅವಳು ಮುಖದ ಮೇಲಿನ ಕಪ್ಪು ಪೆಟ್ಟಿಗೆಯನ್ನು ತೆಗೆಯಲಿಲ್ಲ. ಒಳಗೆ ಯಾವುದೋ ಸಮುದ್ರ. ತಲೆ ತಿರುಗಿಸಿದತ್ತ ನೀರು. ಮೂಗಿನ ಪಕ್ಕದ ಸಂದಿಯಿಂದ ಮಾತ್ರ ಗೊರಗುಂಟೆಪಾಳ್ಯದ ಬಿಸಿಲು ಗೆರೆಯಷ್ಟು ಒಳಗೆ ನುಸುಳುತ್ತಿತ್ತು.

"ಇಲ್ಲಿ ಬೆಳಕು ಬರತ್ತೆ," ಎಂದಳು. "ಬರಬಾರದು."

ಫರ್ದೀನ್ ಇನ್ನೊಂದನ್ನು ಇಳಿಸಿದ. ಫೋನೇ ಬೇಡದ, ತಾನೇ ಓಡುವ ವಿಆರ್ ಹೆಡ್‌ಸೆಟ್ಟನ್ನು ಅವನು ಮೊದಲೇ ತೋರಿಸಿದ್ದ. ಬೆಲೆ ಕೇಳಿ ಅವಳು ಬೇಡವೆಂದು ಕೈಯಾಡಿಸಿದ್ದಳು. ಉಳಿದವು ಫೋನನ್ನು ಒಳಗೆ ಸಿಕ್ಕಿಸಿ ಕಣ್ಣಿಗೆ ಕಟ್ಟಿಕೊಳ್ಳುವಂಥವು. ಒಂದು ಪ್ಲಾಸ್ಟಿಕ್ ನಾರುತ್ತಿತ್ತು. ಒಂದರ ಗಾಜು ಮಸುಕು. ಈ ಮೂರನೆಯದಕ್ಕೆ ಮೆತ್ತನೆಯ ಅಂಚಿತ್ತು, ಕಿವಿ ಮುಚ್ಚುವ ಬಟ್ಟಲುಗಳಿದ್ದವು. ಕನ್ನಡಕದ ಮೇಲೆ ಕೂರುತ್ತದೆಯೇ ಎಂದು ಕೇಳಿದಳು. ತನ್ನ ಫೋನನ್ನು ಸಿಕ್ಕಿಸಿ ನೋಡಿ, ಇದಕ್ಕಿಂತ ದೊಡ್ಡದೂ ಹಿಡಿಸಬೇಕು ಎಂದಳು. ಹೊಸ ಫೋನಿನ ಯೋಚನೆ ಇರಬೇಕು ಎಂದುಕೊಂಡ ಫರ್ದೀನ್. ನೋಡುವುದು ಆಟವೋ ಸಿನಿಮಾವೋ ಹೇಳಿದರೆ ಆರಿಸುವುದು ಸುಲಭ ಎಂದ.

"ದೊಡ್ಡೋರು ನೋಡೋದು," ಎಂದಳು ನಯನಾ.

ಅವನು ತಲೆಯೆತ್ತಿದ. ಅವಳು ತಲೆ ತಗ್ಗಿಸಲಿಲ್ಲ.

ಆಮೇಲೆ ಅವನು ಅವಳ ಮುಖ ನೋಡದೆಯೇ ವ್ಯಾಪಾರ ಮಾಡಿದ. ಮೇಡಂ ಹೋಗಿ ಅಕ್ಕ ಬಂತು. "ಅಂಥದ್ದಕ್ಕೆ ಇದೇ ಸಾಕು ಅಕ್ಕ. ಸುತ್ತ ಕಾಣೋದೆಲ್ಲ ಬೇಕಾಗಲ್ಲ. ಯಾರೂ ಹಿಂದೆ ತಿರುಗಿ ನೋಡಲ್ಲ." ತನ್ನ ಮಾತಿಗೆ ತಾನೇ ಕಿವಿ ಕೆಂಪಗೆ ಮಾಡಿಕೊಂಡು ಕೈಚೀಲ ಹುಡುಕತೊಡಗಿದ.

"ಹಾಕ್ಕೊಂಡ್ರೆ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದೇ ಮರೆತುಹೋಗ್ಬೇಕು. ಹೋಗತ್ತಾ?"

"ಮನೆಗೆ ಬೆಂಕಿ ಬಿದ್ರೂ ಗೊತ್ತಾಗಲ್ಲ."

ಅವಳು ಅದನ್ನೇ ಚೀಲಕ್ಕೆ ಹಾಕಿಸಿಕೊಂಡಳು. ಪಟ್ಟಿಯನ್ನು ತಲೆಗೆ ಸರಿಮಾಡಿ ಕೊಡುತ್ತೇನೆಂದರೂ ಬೇಡವೆಂದಳು.

ಚಿಕ್ಕಬಾಣಾವರದ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಅಮುಕಿ ಹಿಡಿದು ಕೂತಳು. ಗಂಡ ನಾಗಭೂಷಣ ಶಬರಿಮಲೆಯಿಂದ ನಾಳೆ ಬರುತ್ತಾನೆ. ಮಾಲೆ ಹಾಕಿದ ದಿನವೇ ಅವನು ಚಾಪೆ ಸುತ್ತಿಕೊಂಡು ಹಾಲಿಗೆ ಹೋಗಿದ್ದ. ವ್ರತದಲ್ಲಿರುವವನು ಹೆಂಡತಿಯ ಕೋಣೆಗೆ ಬರುವಂತಿಲ್ಲ. ಮಹಡಿಯ ಬಾಡಿಗೆ ಮನೆಯ ರತ್ನಕ್ಕ ಬಟ್ಟೆ ಒಣಹಾಕುವಾಗೆಲ್ಲ ಇದನ್ನೇ ಎತ್ತಿ ಕಾಡಿಸುತ್ತಿದ್ದಳು. "ಮಾಲೆ ಹಾಕಿರೋದು ಅವ್ನು, ಹೊಳೀತಿರೋದು ನಿನ್ ಮುಖ. ಏನೇ ಗುಟ್ಟು?"

ಗುಟ್ಟು ಇಷ್ಟೇ. ಮದುವೆಯಾದ ಮೇಲೆ ಮೊದಲ ಸಲ ನಯನಾಳ ರಾತ್ರಿಗಳು ಅವಳವಾಗಿದ್ದವು. ಮಾಲೆ ತೆಗೆದರೂ ಅವನ್ನು ಬಿಟ್ಟುಕೊಡುವ ಮನಸ್ಸು ಅವಳಿಗಿರಲಿಲ್ಲ.

ಮನೆಯಲ್ಲಿ ಅತ್ತೆ ಸೊಣ್ಣಮ್ಮನ ಕಣ್ಣಿಗೆ ಚೀಲ ಬಿದ್ದೇ ಬಿತ್ತು. ಏನದು, ಎಷ್ಟಕ್ಕೆ, ಯಾಕೆ ಎಂದೆಲ್ಲ ವಿಚಾರಣೆ ನಡೆಯಿತು. ನಯನಾ ಆನೆ ಹಿಂಡಿನ ವಿಡಿಯೋ ಹಾಕಿ ಅತ್ತೆಯ ತಲೆಗೇ ಅದನ್ನು ಕಟ್ಟಿಬಿಟ್ಟಳು. ಮುದುಕಿ ಸೋಫಾದ ಮೇಲೆ ಕಾಲೆತ್ತಿಕೊಂಡಳು. ಇಲ್ಲದ ಸೊಂಡಿಲನ್ನು ಕೈಯಿಂದ ತಳ್ಳಿದಳು. ಪಕ್ಕದಲ್ಲೇ ನಿಂತು ನಯನಾ ಅತ್ತೆಯನ್ನು ಹೆಸರು ಹಿಡಿದೇ ಕರೆದಳು. ಜೋರಾಗಿ ಕರೆದಳು. ಮುದುಕಿ ಇನ್ನೂ ಸೊಂಡಿಲನ್ನೇ ತಳ್ಳುತ್ತಿದ್ದಳು.

"ಇದ್ ಆಕ್ಕಂಡ್ರೆ ಪಕ್ಕದಲ್ಲಿರೋರು ಸತ್ತಂಗೇ ಕಣವ್ವ," ಎಂದಳು ಸೊಣ್ಣಮ್ಮ, ತೆಗೆದ ಮೇಲೆ.

"ಅದಕ್ಕೇ ತಂದೆ ಅತ್ತೆ."

ಅತ್ತೆ ಅವಳನ್ನು ಒಂದು ಗಳಿಗೆ ನೋಡಿದಳು. ಬೆಲೆಯ ಮಾತು ಬಿಟ್ಟು ಎದ್ದು ಒಳಗೆ ಹೋದಳು.

ಮಾರನೆಯ ದಿನ ಮಧ್ಯಾಹ್ನಕ್ಕೆ ನಾಗಭೂಷಣ ಬಂದ. ಕಪ್ಪು ಪಂಚೆ, ಗಡ್ಡ, ಬಿಸಿಲಿಗೆ ಕಂದಿದ ಮುಖ. ದೇವರ ಮುಂದೆ ಕೂತ ಮಗನ ಕೊರಳಿನಿಂದ ಸೊಣ್ಣಮ್ಮ ಮಾಲೆ ತೆಗೆದಳು. ಸ್ನಾನವಾಯಿತು, ಊಟವಾಯಿತು. ದಾರಿಯಲ್ಲಿ ಬಸ್ಸು ಕೆಟ್ಟದ್ದನ್ನು, ಗುರುಸ್ವಾಮಿಯ ಗೊರಕೆಯನ್ನು ಹೇಳಿ ಎಲ್ಲರನ್ನೂ ನಗಿಸಿದ. ಸೊಣ್ಣಮ್ಮ ಪ್ರಸಾದ ಹಂಚಲು ಹೊರಟಳು. ಟಿವಿ ನೋಡುವವರು ಯಾರೂ ಇಲ್ಲದಿದ್ದರೂ, ಹೋಗುವ ಮುಂಚೆ ಅದನ್ನು ಜೋರಾಗಿ ಹಾಕಿದಳು.

ನಾಗಭೂಷಣ ಕೋಣೆಯ ಚಿಲಕ ಹಾಕಿದ. ಕನ್ನಡಕ ತೆಗೆದು ಕಿಟಕಿಯ ಮೇಲಿಟ್ಟ.

ನಯನಾ ಬೀರುವಿಗೆ ಬೆನ್ನು ಒತ್ತಿ ನಿಂತಿದ್ದಳು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನತ್ತ ಚಾಚಿದಳು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದ ಮಾತನ್ನು ಈಗ ಹೇಳಿದಳು.

"ಇದು ನಿಮಗೆ. ನಿಮ್ ಫೋನಲ್ಲಿ ನೋಡ್ತೀರಲ್ಲ, ಅವೆಲ್ಲ ಇದ್ರಲ್ಲಿ ಪಕ್ಕದಲ್ಲೇ ಇದ್ದಂಗೆ ಕಾಣತ್ತೆ. ಎಷ್ಟು ಹೊತ್ತು ಬೇಕಾದ್ರೂ ನೋಡ್ಕೊಳ್ಳಿ. ನಾನು ಏನೂ ಅನ್ನಲ್ಲ, ಯಾರಿಗೂ ಹೇಳಲ್ಲ. ನನ್ನನ್ನ ಮಾತ್ರ ಬಿಟ್ಬಿಡಿ."

ಅವನಿಗೆ ಸಿಟ್ಟು ಬರಲಿಲ್ಲ. ಅವಳು ಅದಕ್ಕೆ ಸಿದ್ಧಳಾಗಿದ್ದಳು, ಇದಕ್ಕಲ್ಲ. ಅವನು ಫೋನು ಸಿಕ್ಕಿಸಿ, ಪೆಟ್ಟಿಗೆಯನ್ನು ತಲೆಗೆ ಕಟ್ಟಿಕೊಂಡು ಮಂಚದ ಮೇಲೆ ಕೂತ. ಪಕ್ಕದ ಗುಂಡಿ ತಿರುಗಿಸಿ ಗಾಜನ್ನು ಸರಿಮಾಡಿಕೊಂಡ. ಬಾಯಿ ಸ್ವಲ್ಪ ತೆರೆಯಿತು. ನಯನಾ ಉಸಿರಾಡಲು ಹೆದರಿ ನಿಂತಳು. ಅವನು ಅಲ್ಲಾಡಲಿಲ್ಲ. ಅವಳು ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಚಿಲಕದ ಮೇಲೆ ಬೆರಳು ಹೋಯಿತು.

"ಚೆನ್ನಾಗೈತೆ," ಎಂದ ನಾಗಭೂಷಣ. ಪೆಟ್ಟಿಗೆಯನ್ನು ಬಿಚ್ಚಿ, ಗಾಜಿಗೆ ಬೆವರು ತಾಗದಂತೆ ಜೋಪಾನವಾಗಿ ಪಕ್ಕಕ್ಕಿಟ್ಟ. ತಮಾಷೆಯ ದನಿಯಲ್ಲೇ ಮುಂದಿನದನ್ನೂ ಹೇಳಿದ.

"ಆದ್ರೆ ನಂಗ್ ಬ್ಯಾಡ. ಇದ್ರಲ್ಲಿರೋರು ಒಬ್ರೂ ನಿನ್ನಂಗೆ ಅಳಲ್ಲ."